ಬೀಗರೂಟಕ್ಕೆ ಡಬ್ಬಿ ಒಯ್ಯಲು ಹೇಳಿದ ಪಾರ್ಕಿನ ಧ್ವನಿವರ್ಧಕದವರಿಗೆ

ಗೆ,
ಮಾನ್ಯ ಧ್ವನಿವರ್ಧಕದವರು,
ಹೊಂಗೆ ಮರದ ಪಕ್ಕದ ಕಂಬ, ನಮ್ಮ ಬಡಾವಣೆಯ ಪಾರ್ಕು,
ಮಲ್ಲತ್ತಹಳ್ಳಿ.

ಮಾನ್ಯರೇ,

ತಮ್ಮ ಸನ್ನಿಧಾನಕ್ಕೆ ಈ ಬಡಾವಣೆಯ ಪೇಂಟ್ ಅಂಗಡಿ ಕಾಂತರಾಜು ಮಾಡುವ ಸವಿನಯ ನಮಸ್ಕಾರಗಳು. ತಾವು ಕಂಬದ ಮೇಲೆ ಕ್ಷೇಮವಾಗಿದ್ದೀರೆಂದೂ, ಮೊನ್ನೆಯ ಮಳೆಯಲ್ಲಿ ತಮ್ಮ ಬಾಯಿಗೆ ನುಗ್ಗಿದ ನೀರು ಇಷ್ಟರಲ್ಲಿ ಒಣಗಿರಬಹುದೆಂದೂ, ತಮ್ಮ ಬೆನ್ನ ಹಿಂದೆ ಗೂಡು ಕಟ್ಟಿರುವ ಗೊರವಂಕ ದಂಪತಿ ತಮ್ಮ ಉಪದೇಶ ಕೇಳಿ ಕೇಳಿ ಮರಿಗಳಿಗೆ ಹುಳುವಿನ ಪ್ರಮಾಣವನ್ನು ಕಡಿಮೆ ಮಾಡಿಲ್ಲವೆಂದೂ ನಂಬಿದ್ದೇನೆ. ನಾನು ತಮ್ಮನ್ನು ದಿನವೂ ನೋಡುತ್ತಿದ್ದರೂ ತಾವು ನನ್ನನ್ನು ನೋಡಿರಲಾರಿರಿ, ಏಕೆಂದರೆ ತಮ್ಮನ್ನು ಮಾಡಿದವರು ತಮಗೆ ಬಾಯಿಯನ್ನಷ್ಟೇ ಕೊಟ್ಟು ಕಣ್ಣು ಕಿವಿಗಳ ವಿಷಯದಲ್ಲಿ ಕೈ ಹಿಡಿತ ಮಾಡಿದ್ದಾರೆ. ಆದ್ದರಿಂದ ನಾನೇ ಪರಿಚಯ ಹೇಳಿಕೊಳ್ಳುತ್ತೇನೆ. ನೀಲಿ ಟೀ ಶರ್ಟು ಹಾಕಿಕೊಂಡು, ತಮ್ಮ ಕಂಬದ ಹತ್ತಿರ ಬಂದಾಗಲೆಲ್ಲ ಹೊಟ್ಟೆಯನ್ನು ಒಳಗೆಳೆದುಕೊಂಡು, ಕಂಬ ದಾಟಿದ ಮೇಲೆ ಅದನ್ನು ನಿಧಾನವಾಗಿ ಹೊರಗೆ ಬಿಡುವ, ಅರವತ್ತರ ಆಸುಪಾಸಿನ ಗೃಹಸ್ಥ ನಾನೇ.

ಈಗ ಪಾರ್ಕು ಇರುವ ಜಾಗದಲ್ಲಿ ಒಂದು ಕಾಲಕ್ಕೆ ನಮ್ಮ ತಂದೆಯವರು ರಾಗಿ ಬೆಳೆಯುತ್ತಿದ್ದರು ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ. ಆಗ ನಡಿಗೆಗೋಸ್ಕರ ಯಾರೂ ನಡೆಯುತ್ತಿರಲಿಲ್ಲ. ಎಮ್ಮೆ ತಪ್ಪಿಸಿಕೊಂಡರೆ ಹುಡುಕುವುದಕ್ಕೆ ನಡೆಯುತ್ತಿದ್ದೆವು, ಎಮ್ಮೆ ಸಿಕ್ಕಿದ ಮೇಲೆ ಮನೆಗೆ ಬಂದು ಎಮ್ಮೆಯ ಸಮಕ್ಕೆ ತಿನ್ನುತ್ತಿದ್ದೆವು. ಹೊಲ ಬಡಾವಣೆಯಾಯಿತು, ಎಮ್ಮೆ ಹೋಯಿತು, ತಿನ್ನುವುದು ಮಾತ್ರ ಹಾಗೆಯೇ ಉಳಿಯಿತು. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯ ಮೇಲೆ ಕೂತು ಗಿರಾಕಿಗಳಿಗೆ ತಿಳಿ ಹಳದಿಗೂ ಕೆನೆ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವ ನನ್ನಂಥವನ ಸೊಂಟ ಅದರ ಪಾಡಿಗೆ ಅದು ಬೆಳೆಯುತ್ತಾ ಹೋಯಿತು. ಹೋದ ವರ್ಷ ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ, ಸಕ್ಕರೆ ಇನ್ನೂ ಬಂದಿಲ್ಲ, ಬಾಗಿಲ ಹತ್ತಿರ ಬಂದು ನಿಂತಿದೆ, ನೀವಾಗಿ ಒಳಗೆ ಕರೆಯಬೇಡಿ ಎಂದರು.

ಅದೇ ಹೊತ್ತಿಗೆ ಸರಿಯಾಗಿ ತಮ್ಮ ಆಗಮನವಾಯಿತು. ಅರುಣೋದಯ ನಡಿಗೆ ಬಳಗದ ಕಾರ್ಯದರ್ಶಿ ಮುರಳೀಕೃಷ್ಣ ಅವರು ಸಂಕ್ರಾಂತಿಯ ದಿನ ತಮಗೆ ಹೂವಿನ ಹಾರ ಹಾಕಿ, ಕಂಬಕ್ಕೆ ಈಡುಗಾಯಿ ಒಡೆದು ತಮ್ಮ ಸ್ವಿಚ್ಚು ಒತ್ತಿದಾಗ ನಾವೆಲ್ಲ ದೇವರ ಹಾಡು ಬರುತ್ತದೆಂದು ಚಪ್ಪಲಿ ಬಿಟ್ಟು ನಿಂತಿದ್ದೆವು. ಬಂದಿದ್ದು ತಮ್ಮ ಮಧುರವಾದ ಹೆಣ್ಣು ಧ್ವನಿ. "ಮಾನ್ಯ ನಡಿಗೆದಾರರೇ, ದಯವಿಟ್ಟು ಕರಿದ ಪದಾರ್ಥಗಳನ್ನು ತ್ಯಜಿಸಿ" ಎಂದು ತಾವು ಹೇಳಿದ ಆ ಕ್ಷಣದಲ್ಲಿ ಬಳಗದವರು ಉದ್ಘಾಟನೆಗೆಂದು ತರಿಸಿದ್ದ ಉದ್ದಿನ ವಡೆಯ ಪೊಟ್ಟಣ ನಮ್ಮೆಲ್ಲರ ಕೈಯಲ್ಲಿತ್ತು. ಯಾರೂ ತಿನ್ನಲಿಲ್ಲ, ಯಾರೂ ಎಸೆಯಲೂ ಇಲ್ಲ. ಎಲ್ಲರೂ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡು ತಮ್ಮ ಮಾತನ್ನು ಪೂರ್ತಿ ಕೇಳಿ, ಗೇಟು ದಾಟಿದ ಮೇಲೆ ತಿಂದೆವು.

ತಾವು ಅಂದಿನಿಂದ ಹೇಳುತ್ತಿರುವುದರಲ್ಲಿ ಹೊಸದೇನೂ ಇಲ್ಲ ಎನ್ನುವವರು ನಮ್ಮ ಬಳಗದಲ್ಲಿದ್ದಾರೆ. ಎಣ್ಣೆ ಕಡಿಮೆ ಮಾಡಿ, ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಇರಲಿ, ಒಂದೇ ಕಡೆ ಬಹಳ ಹೊತ್ತು ಕೂರಬೇಡಿ, ಬೇಗ ಮಲಗಿ, ಬೇಗ ಏಳಿ ಎಂಬುದನ್ನೆಲ್ಲ ನನ್ನ ಶ್ರೀಮತಿ ಶಶಿಕಲಾ ಮದುವೆಯಾದ ದಿನದಿಂದ ಹೇಳುತ್ತಾ ಬಂದಿದ್ದಾಳೆ. ಆದರೆ ಅವಳು ಯಾವತ್ತೂ "ಮಾನ್ಯರೇ" ಎಂದವಳಲ್ಲ, "ದಯವಿಟ್ಟು" ಎಂಬ ಪದವನ್ನು ನನ್ನ ಮೇಲೆ ಖರ್ಚು ಮಾಡಿದವಳೂ ಅಲ್ಲ. ತಮ್ಮ ಬಾಯಲ್ಲಿ ಅದೇ ಮಾತು ಬಂದಾಗ ನನಗೆ ಅದು ಸರ್ಕಾರಿ ಗೌರವದ ಹಾಗೆ ಕೇಳಿಸಿತು. ನಾನು ತಮ್ಮ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಮುದ್ದೆಯನ್ನು ಸಣ್ಣದು ಮಾಡಿಸಿದೆ, ಕಾಫಿಗೆ ಸಕ್ಕರೆ ಬಿಟ್ಟೆ, ಸಂಜೆ ಅಂಗಡಿಯ ಎದುರು ಬೋಂಡ ಕರಿಯುವ ಗಾಡಿ ಬಂದು ನಿಂತಾಗ ಶೆಟರಿನ ಕಡೆ ಮುಖ ಮಾಡಿ ಕೂತೆ. ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಯಿತು. ಡಾಕ್ಟರು ಕಾಗದ ನೋಡಿ, ಸಕ್ಕರೆ ಬಾಗಿಲಿಂದ ಗೇಟಿನವರೆಗೆ ಹಿಂದೆ ಸರಿದಿದೆ ಎಂದರು. ಇಷ್ಟು ಉಪಕಾರ ಮಾಡಿದ ತಮ್ಮ ಮೇಲೆ ದೂರು ಬರೆಯುತ್ತಿರುವುದಕ್ಕೆ ನನಗೆ ಸಂಕೋಚವಿದೆ, ಆದರೂ ಬರೆಯದೆ ವಿಧಿಯಿಲ್ಲ.

ಸಂಕೋಚ ಎಂದಾಗ ನೆನಪಾಯಿತು. ಮದುವೆಗಳ ಕಾಲ ಶುರುವಾಗುತ್ತಿದ್ದ ಹಾಗೆ ತಾವು ಹೊಸ ಸಲಹೆಯೊಂದನ್ನು ಸೇರಿಸಿದಿರಿ. "ಮಾನ್ಯ ನಡಿಗೆದಾರರೇ, ಸಮಾರಂಭಗಳಲ್ಲಿ ಅತಿಯಾಗಿ ತಿನ್ನುವುದನ್ನು ತಪ್ಪಿಸಲು ಮನೆಯಿಂದಲೇ ಒಂದು ಡಬ್ಬಿಯಲ್ಲಿ ಮೊಳಕೆ ಕಾಳು, ಸೌತೆಕಾಯಿ ಕೊಂಡೊಯ್ಯಿರಿ. ಯಾವುದೇ ಸಂಕೋಚ ಬೇಡ." ಈ ಕೊನೆಯ ಮಾತು ನನ್ನ ಸಂಸಾರಕ್ಕೆ ಮುಳುವಾಯಿತು.

ನನ್ನ ಒಬ್ಬಳೇ ಮಗಳು ಕೀರ್ತನಾಳನ್ನು ವೈಶಾಖದಲ್ಲಿ ಉಲ್ಲಾಳದ ದೊಡ್ಡಹನುಮಯ್ಯನವರ ಮಗ ದರ್ಶನ್‌ಗೆ ಕೊಟ್ಟು ಮದುವೆ ಮಾಡಿದೆವು. ಒಳ್ಳೆಯ ಮನೆತನ, ಹಳೇ ಊರಿನವರು, ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಮದುವೆಯಾದ ಮರುವಾರವೇ ಅವರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿ ಬೀಗರೂಟ ಇಟ್ಟುಕೊಂಡರು. ತಾವು ಪ್ಲಾಸ್ಟಿಕ್ ಕುಲದವರಾದ್ದರಿಂದ ತಮ್ಮಲ್ಲಿ ಮದುವೆ ಸಂಬಂಧಗಳು ಹೇಗೆ ನಡೆಯುತ್ತವೋ ನನಗೆ ತಿಳಿಯದು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಮದುವೆಯ ದಿನ ನಮ್ಮಲ್ಲಿ ಪಾಯಸ, ಪಲ್ಯದ ಊಟ; ಅದು ದೇವರಿಗೆ ಮತ್ತು ಫೋಟೋದವರಿಗೆ. ಬೀಗರೂಟ ಎನ್ನುವುದು ಬಾಡೂಟ, ಅಂದರೆ ಮಾಂಸದ ಊಟ; ಅದು ಎರಡು ಮನೆಯವರಿಗೆ. ಅಲ್ಲಿ ಹೆಣ್ಣಿನ ತಂದೆಯನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸುತ್ತಾರೆ, ಪಕ್ಕದಲ್ಲಿ ಗಂಡಿನ ತಂದೆ ಕೂರುತ್ತಾರೆ, ಬೀಗರು ಮುದ್ದೆ ಮುರಿಯುವವರೆಗೆ ಇಡೀ ಶಾಮಿಯಾನ ಕೈ ಕಟ್ಟಿಕೊಂಡು ಕಾಯುತ್ತದೆ. ಬೀಗರು ಬೇಡ ಬೇಡ ಎನ್ನಬೇಕು, ಬಡಿಸುವವರು ಹಾಕುತ್ತಲೇ ಇರಬೇಕು, ಕೊನೆಗೆ ಬೀಗರು ಎಲೆಗೆ ಅಡ್ಡ ಬಿದ್ದು ಕೈ ಮುಗಿಯಬೇಕು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು ಎಂದು ಲೆಕ್ಕ. ಆ ಮನೆಯ ಊಟದ ಮುಂದೆ ಕೂತು ತನ್ನ ಬುತ್ತಿ ಬಿಚ್ಚಿದವನು, ನಿಮ್ಮ ಮನೆಯ ನೀರು ನಮಗೆ ಆಗುವುದಿಲ್ಲ ಎಂದು ಹೇಳಿದ ಹಾಗೆಯೇ.

ಇದು ನನಗೆ ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಹುಟ್ಟಿದಾಗಿನಿಂದ ಗೊತ್ತು. ಆದರೆ ಹೊಸ ತೂತಿನ ಬೆಲ್ಟು ಕಟ್ಟಿಕೊಂಡ ಮನುಷ್ಯನಿಗೆ ಒಂದು ಬಗೆಯ ಮದ ಬರುತ್ತದೆ, ಅದರ ಜೊತೆಗೆ ಬೆಳಬೆಳಿಗ್ಗೆ ತಾವು ಅಷ್ಟು ವಿನಯದಿಂದ ಸಂಕೋಚ ಬೇಡ ಎಂದಿದ್ದಿರಿ. ಶಶಿಕಲಾ ಬಾಗಿಲಲ್ಲೇ ಡಬ್ಬಿ ನೋಡಿ, "ರೀ, ಅದನ್ನ ಇಟ್ಟು ಬನ್ನಿ, ನಗೆಪಾಟಲಾಗುತ್ತೆ" ಎಂದಳು. ನಾನು ತಮ್ಮ ಹೆಸರು ಹೇಳಿ ಅವಳ ಬಾಯಿ ಮುಚ್ಚಿಸಿದೆ. ಯಾರಿಗೂ ಕಾಣದ ಹಾಗೆ ಎಲೆಯ ಮರೆಯಲ್ಲಿ ಡಬ್ಬಿ ತೆರೆದು, ಎರಡು ಚಮಚ ಸಾರಿನ ಜೊತೆ ಕಾಳು ಕಲಸಿಕೊಂಡು ತಿಂದರೆ ಆರೋಗ್ಯವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ ಎಂಬುದು ನನ್ನ ಯೋಜನೆಯಾಗಿತ್ತು.

ಬೀಗರು ವಿಡಿಯೋದವರನ್ನು ಕರೆಸಿದ್ದು ನನಗೆ ಗೊತ್ತಿತ್ತು. ವಿಡಿಯೋದವರು ಎರಡು ಆಳೆತ್ತರದ ಎಲ್‌ಇಡಿ ಪರದೆ ನಿಲ್ಲಿಸಿ, ಪಂಕ್ತಿಯ ಊಟವನ್ನು ಆಗಿಂದಾಗಲೇ ಅದರ ಮೇಲೆ ತೋರಿಸುತ್ತಿದ್ದುದು, ಪರದೆ ನನ್ನ ಬೆನ್ನ ಹಿಂದೆ ಇದ್ದುದರಿಂದ, ಗೊತ್ತಿರಲಿಲ್ಲ. ಎಲೆಯ ಮೇಲೆ ಮುದ್ದೆ ಬಂತು, ಸಾರು ಬಂತು, ಕೈಮ ಉಂಡೆ ಬಂತು, ಬೋಟಿ ಗೊಜ್ಜು ಬಂತು. ಕ್ಯಾಮೆರಾದವನು ನನ್ನ ಮುಂದೆ ಬಂದು ಬಗ್ಗಿದ್ದು, ನಾನು ಡಬ್ಬಿಯ ಮುಚ್ಚಳ ತೆಗೆದದ್ದು ಒಂದೇ ಹೊತ್ತಿಗೆ ಆಯಿತು. ನನ್ನ ಹೆಸರುಕಾಳು, ಪ್ರತಿಯೊಂದು ಕಾಳೂ ಕುಂಬಳಕಾಯಿಯ ಗಾತ್ರದಲ್ಲಿ, ಮೊಳಕೆಯ ಸಮೇತ, ಉಲ್ಲಾಳದ ಜನರೆಲ್ಲರ ಮುಂದೆ ಪರದೆಯ ಮೇಲೆ ಮೂಡಿತು. ಹಿಂದಿನ ಸಾಲಿನಿಂದ ಯಾರೋ ಹಿರಿಯರು, "ಬೀಗ್ರು ಬುತ್ತಿ ತಂದವ್ರೆ ಕಣ್ರಪ್ಪ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಹೆಂಗಸರ ಪಂಕ್ತಿಯಿಂದ ಬೀಗಿತ್ತಿ ಬೋರಮ್ಮನವರು ಎದ್ದು ಬಂದು ಗಂಡನ ಕಿವಿಯಲ್ಲಿ ಏನೋ ಹೇಳಿದರು. ದೊಡ್ಡಹನುಮಯ್ಯನವರು ನನ್ನ ಡಬ್ಬಿಯನ್ನು ನೋಡಿದರು, ತಮ್ಮ ಎಲೆಯನ್ನು ನೋಡಿದರು, ಮುದ್ದೆಯನ್ನು ಮುಟ್ಟದೆ ಎದ್ದು ಹೋಗಿ ಕೈ ತೊಳೆದುಕೊಂಡರು. ಊಟಕ್ಕೆ ಕೂತ ಬೀಗರು ಉಣ್ಣದೆ ಎದ್ದರೆ ಅದರ ಅರ್ಥವೇನೆಂದು ನಮ್ಮ ಕಡೆ ಚಿಕ್ಕ ಮಗುವಿಗೂ ಹೇಳಿಕೊಡಬೇಕಾಗಿಲ್ಲ.

ಆ ಹೊತ್ತಿನಲ್ಲಿ ತಾವು ಎಲ್ಲಿದ್ದಿರಿ ಎಂದು ಕೇಳುವುದು ಉದ್ಧಟತನವಾದೀತು. ತಾವು ಕಂಬದ ಮೇಲಿದ್ದಿರಿ. ತಾವು ಪ್ರತಿಷ್ಠಾಪನೆಯಾದ ದಿನದಿಂದ ಒಂದು ಅಂಗುಲವೂ ಅಲುಗಾಡದೆ, ತೊಟ್ಟು ನೀರು ಕುಡಿಯದೆ, ಬೆನ್ನು ಬಗ್ಗಿಸಿಕೊಂಡು ಕೂತು, ಒಂದೇ ಕಡೆ ಬಹಳ ಹೊತ್ತು ಕೂರಬೇಡಿ, ನೀರು ಕುಡಿಯಿರಿ, ಬೆನ್ನು ನೇರವಾಗಿರಲಿ ಎಂದು ನಮಗೆ ಹೇಳುವುದನ್ನು ನಾನು ತಮ್ಮ ತ್ಯಾಗವೆಂದೇ ಭಾವಿಸಿದ್ದೇನೆ. ಆದರೂ ನನ್ನದೊಂದು ವಿನಂತಿ. ಮುಂದಿನ ಬೀಗರೂಟಕ್ಕೆ ನನ್ನ ಬದಲು ತಾವು ದಯಮಾಡಿಸಿ ಮೊದಲ ಎಲೆಗೆ ಕೂರಬೇಕು. ಬಡಿಸುವವನು ಮಜ್ಜೆ ತುಂಬಿದ ಮೂಳೆಯನ್ನು ಹುಡುಕಿ ತೆಗೆದು, "ನಿಮಗೇ ಅಂತ ಎತ್ತಿಟ್ಟಿದ್ದೆ ಸ್ವಾಮಿ" ಎಂದು ಎಲೆಗೆ ಹಾಕಿದಾಗ ತಾವು ಇದೇ ಮಧುರ ಧ್ವನಿಯಲ್ಲಿ ಬೇಡ ಎಂದು ತೋರಿಸಿಕೊಡಬೇಕು. ಹೇಗೆ ಹೇಳುತ್ತೀರೋ ಕಲಿತುಕೊಳ್ಳುತ್ತೇನೆ.

ಆಷಾಢ ಬಂತು. ಮೊದಲ ವರ್ಷದ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ನಮ್ಮಲ್ಲಿ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಕೀರ್ತನಾ ಬಂದಳು. ನಾಗರಭಾವಿಯ ಶಾಲೆಯಲ್ಲಿ ಟೀಚರ್ ಆಗಿರುವ ಅವಳಿಗೆ ಎರಡು ಮನೆಗಳೂ ಒಂದೇ ದೂರ. ಅಳಿಯ ದರ್ಶನ್ ಸಂಜೆ ಸಂಜೆ ಸ್ಕೂಟರಿನಲ್ಲಿ ಬಂದು, ದಾರಿಯಲ್ಲಿ ಹೋಗುತ್ತಿದ್ದೆ ಮಾವ ಎಂದು, ಯಾವ ದಾರಿಯಲ್ಲೂ ಇಲ್ಲದ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದ. ಅದರಲ್ಲಿ ನನಗೆ ಚಿಂತೆಯಿರಲಿಲ್ಲ. ಚಿಂತೆಯಿದ್ದದ್ದು ಆಷಾಢ ಮುಗಿಯುವುದರಲ್ಲಿ. ಆಷಾಢ ಮುಗಿದ ಮೇಲೆ ಗಂಡಿನ ತಂದೆ ತಾಯಿ ಹೂವು ಹಣ್ಣು ಹಿಡಿದು ಬಂದು, ಊಟ ಮಾಡಿ, ಸೊಸೆಯನ್ನು ಕರೆದುಕೊಂಡು ಹೋಗಬೇಕು. ಭೀಮನ ಅಮಾವಾಸ್ಯೆ ಆಯಿತು, ಶ್ರಾವಣ ಹುಟ್ಟಿತು, ಉಲ್ಲಾಳದಿಂದ ಯಾರೂ ಬರಲಿಲ್ಲ. ಫೋನ್ ಮಾಡಿದರೆ ಬೀಗರು, "ಬರ್ತೀನಿ ಬೀಗ್ರೆ, ವಸಿ ಕೆಲ್ಸ ಇತ್ತು" ಎಂದು ಇಟ್ಟುಬಿಡುತ್ತಿದ್ದರು. ಉಲ್ಲಾಳಕ್ಕೂ ನಮಗೂ ಇರುವುದು ಒಂದು ಕೂಗಿನ ದೂರ. ಅಷ್ಟು ದೂರ ಬರಲಾರದಂಥ ಕೆಲಸ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಪಾರ್ಕಿನಲ್ಲಿ ತಮ್ಮ ಕಂಬದ ಕೆಳಗೇ ಜನ ನನ್ನನ್ನು ನಿಲ್ಲಿಸಿ, "ಮಗಳು ಇನ್ನೂ ಇಲ್ಲೇ ಅವ್ಳಾ" ಎಂದು ಕೇಳತೊಡಗಿದರು. ಕೇಳುವವರಿಗೆ ಕೆಟ್ಟ ಮನಸ್ಸಿರಲಿಲ್ಲ, ಆದರೆ ಒಳ್ಳೆಯ ಮನಸ್ಸೂ ಅಷ್ಟಾಗಿ ಇರಲಿಲ್ಲ. ಮನೆಯಲ್ಲಿ ಕೀರ್ತನಾ, "ಅಪ್ಪ, ಇದೆಲ್ಲ ಯಾಕೆ, ನಾನೇ ಆಟೋ ಹಿಡ್ಕೊಂಡು ಹೋಗ್ತೀನಿ ಬಿಡಿ" ಎಂದಳು. ಅವಳಿಗೆ ಅದು ಹಗುರ. ಆದರೆ ಕರೆಯದ ಮನೆಗೆ ತಾನಾಗಿ ಹೋದ ಸೊಸೆ ಎಂಬ ಮಾತು ಒಂದು ಸಲ ಅಂಟಿಕೊಂಡರೆ ಅದನ್ನು ಕೆರೆದು ತೆಗೆಯುವುದು ಎಷ್ಟು ಕಷ್ಟ ಎಂದು ಬಣ್ಣ ಮಾರುವ ನನಗೆ ಗೊತ್ತು. ಒಂದು ಹಿಡಿ ಕಾಳಿನ ಸಲುವಾಗಿ ನನ್ನ ಮಗಳ ಬಾಳನ್ನು ನಾನೇ ಕೆಡಿಸಿದೆನೇ ಎಂದು ನನಗೆ ನಿಜವಾಗಿ ಭಯವಾಯಿತು, ಮಾನ್ಯರೇ. ಆ ದಿನಗಳಲ್ಲಿ ತಾವು "ಚಿಂತೆಯು ರಕ್ತದೊತ್ತಡವನ್ನು ಹೆಚ್ಚಿಸುತ್ತದೆ, ದಯವಿಟ್ಟು ನಗುತ್ತಿರಿ" ಎಂದು ಹೇಳುತ್ತಿದ್ದಿರಿ. ತಮ್ಮ ಮಾತಿಗೆ ಗೌರವ ಕೊಟ್ಟು ಒಂದು ಸುತ್ತು ನಗುತ್ತಾ ನಡೆದೆ. ಎದುರಿಗೆ ಬಂದ ನಮ್ಮ ಬಳಗದ ದೇವೇಂದ್ರಪ್ಪನವರು ನನ್ನನ್ನು ಕಂಡು ಹುಲ್ಲಿನ ಕಡೆಗೆ ಸರಿದು ಹೋದರು.

ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು ನಾನೂ ಶಶಿಕಲಾಳೂ ಒಂದು ಬುಧವಾರ ಉಲ್ಲಾಳಕ್ಕೆ ಹೊರಟೆವು. ಕಾಲಿಗೆ ಬೀಳುವುದಾದರೆ ಬೀಳುವುದು, ಏನು ಬಡಿಸಿದರೂ ಎಷ್ಟು ಬಡಿಸಿದರೂ ಎಲೆ ಒರೆಸಿ ತಿನ್ನುವುದು ಎಂದು ತೀರ್ಮಾನಿಸಿ ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದೆ. ನಮ್ಮ ಎರಡೂ ಮನೆಗಳಲ್ಲಿ ಶ್ರಾವಣದ ಶನಿವಾರ ಮಾತ್ರ ಕಟ್ಟುನಿಟ್ಟು. ಉಳಿದ ವಾರಗಳ ಬಗ್ಗೆ ಮನೆದೇವರು ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ಹಾಗಾಗಿ ಮುದ್ದೆ, ಸಾರು ಕಾದಿರುತ್ತದೆಂದು ದಾರಿಯುದ್ದಕ್ಕೂ ನನಗೆ ನಂಬಿಕೆಯಿತ್ತು. ನಿಜ ಹೇಳಬೇಕೆಂದರೆ, ಪಶ್ಚಾತ್ತಾಪದ ಜೊತೆಗೆ ಸ್ವಲ್ಪ ಆಸೆಯೂ ಇತ್ತು.

ಬೋರಮ್ಮನವರು ಬಾಗಿಲಿಗೇ ಬಂದು ಕಾಲಿಗೆ ನೀರು ಕೊಟ್ಟು, ಒಳಗೆ ಕರೆದು ಕೂರಿಸಿ, ಎಲೆ ಹಾಕಿ, ಒಂದು ದೊಡ್ಡ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ತಂದರು. ಅದರ ತುಂಬ ಮೊಳಕೆ ಬಂದ ಹೆಸರುಕಾಳು. "ನೀವು ಇದುನ್ನೇ ತಿನ್ನೋದು ಅಂತ ಅವತ್ತು ನೋಡುದ್ನಲ್ಲ ಬೀಗ್ರೆ. ನಮ್ಮನೇಲಿ ಅವತ್ತು ನಿಮಗೆ ಬೇಕಾದ್ದು ಮಾಡ್ಲಿಲ್ವಲ್ಲ ಅಂತ ನಂಗೆ ತಡೀನಾರ್ದಷ್ಟು ಬೇಜಾರಾಗಿತ್ತು. ನೀವು ಬರ್ತೀರಿ ಅಂತ ದರ್ಶನ್ ಅಂದ, ಮೊನ್ನೆನೇ ನೆನೆಸಿ ಬಟ್ಟೆ ಕಟ್ಟಿ ಇಟ್ಟಿದ್ದೆ" ಎಂದರು. ಆಮೇಲೆ ಬಡಿಸಲು ನಿಂತರು. ನಾನು ಪದ್ಧತಿಯಂತೆ ಬೇಡ ಎಂದೆ, ಅವರು ಪದ್ಧತಿಯಂತೆ ಹಾಕಿದರು. "ಇನ್ನೊಂದು ಸೌಟು ಹಾಕುಸ್ಕಳಿ ಬೀಗ್ರೆ, ನಾಚ್ಕಬ್ಯಾಡಿ" ಎಂದು ಅವರು ಹಾಕುತ್ತಲೇ ಹೋದರು. ಒಂದು ಸಲ ಆ ಮನೆಯ ಊಟಕ್ಕೆ ಬೆನ್ನು ತಿರುಗಿಸಿದವನಿಗೆ ಎರಡನೆಯ ಸಲ ಬೇಡ ಎನ್ನುವ ಹಕ್ಕಿಲ್ಲ. ಬಾಡಿನ ಬಲವಂತವನ್ನು ನಮ್ಮ ಹಿರಿಯರು ತಡೆದುಕೊಂಡು ಬದುಕಿದ್ದಾರೆ. ಹಸಿ ಕಾಳಿನ ಬಲವಂತಕ್ಕೆ ತುತ್ತಾದ ಮೊದಲ ಬೀಗ ಬಹುಶಃ ನಾನೇ ಇರಬೇಕು. ಎಲೆಗೆ ಅಡ್ಡ ಬಿದ್ದು ಕೈ ಮುಗಿಯುವವರೆಗೆ ಅವರು ಬಿಡಲಿಲ್ಲ.

ಪಕ್ಕದಲ್ಲಿ ದೊಡ್ಡಹನುಮಯ್ಯನವರೂ ಅದನ್ನೇ ತಿನ್ನುತ್ತಿದ್ದರು. ತಲೆ ಎತ್ತದೆ, ಮಾತಿಲ್ಲದೆ, ಮೇವು ಮುಗಿಸಲೇಬೇಕಾದ ಎತ್ತಿನ ಹಾಗೆ ಅಗಿಯುತ್ತಿದ್ದರು. ಹೆಂಗಸರು ಹಿತ್ತಲಿಗೆ ಹೋದ ಮೇಲೆ ನನ್ನನ್ನು ಗೇಟಿನವರೆಗೆ ಕರೆದುಕೊಂಡು ಬಂದು, ಹಿಂದೆ ಮುಂದೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: "ಬೀಗ್ರೆ, ನಂಗೆ ಸಕ್ಕರೆ ಕಾಯ್ಲೆ ಬಂದು ಮೂರು ವರ್ಷ ಆಯ್ತು. ಇವಳು ಬಾಡು ಕೊಡೋದೇ ಬಿಟ್ಟವ್ಳೆ. ಬೀಗರೂಟದಲ್ಲಿ ನಿಮ್ಮ ಪಕ್ಕ ಕೂತು ಉಣ್ಣದೇ ಇದ್ರೆ ಚೆನ್ನಾಗಿರಲ್ಲ ಅಂತೇಳಿ ಅವತ್ತೊಂದು ದಿನಕ್ಕೆ ಒಪ್ಪಿಸಿದ್ದೆ. ನೀವು ಡಬ್ಬಿ ತೆಗುದ್ರಿ. ಇವಳು ಪರದೆ ಮೇಲೆ ನೋಡಿದವಳೇ ಬಂದು, ಬೀಗ್ರೇ ಉಣ್ತಿಲ್ಲ, ನಿಮಗ್ಯಾಕೆ, ಏಳ್ರಿ ಅಂದ್ಲು. ಅವತ್ತಿಂದ ಮನೇಲಿ ಇದೇ ಕಾಳು."

ಹಾಗಾದರೆ ಸೊಸೆಯನ್ನು ಕರೆದುಕೊಂಡು ಹೋಗಲು ಯಾಕೆ ಬರಲಿಲ್ಲ, ಕೋಪವಲ್ಲವೇ ಎಂದು ನಾನು ಕೇಳಿದೆ. ಅವರು ಚಪ್ಪಲಿಯಲ್ಲಿ ಮಣ್ಣು ಕೆದಕಿದರು. "ಕೋಪ ಎಲ್ಲಿ ಬಂತು. ಬಂದ್ರೆ ನೀವು ಊಟಕ್ಕೆ ಕೂರುಸ್ತೀರ. ಅಲ್ಲೂ ಕಾಳೇ ಇರ್ತದೆ. ಅದಕ್ಕೆ ಹೆದರ್ಕಂಡು ಮುಂದಕ್ಕೆ ಹಾಕ್ತಿದ್ದೆ" ಎಂದರು. ಶ್ರಾವಣ ಹುಟ್ಟಿದಂದಿನಿಂದ ನನ್ನ ನಿದ್ದೆ ಕೆಡಿಸಿದ್ದ ಮಾನಾಪಮಾನದ ದೊಡ್ಡ ಬೆಟ್ಟ ಅಲ್ಲೇ ಗೇಟಿನ ಹತ್ತಿರ ಕರಗಿ ಹೋಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಟ್ಟೆಯ ತುಂಬ ಹಸಿ ಕಾಳಿದ್ದುದರಿಂದ ಎರಡೂ ಸುಲಭವಾಗಿರಲಿಲ್ಲ. ಭಾನುವಾರ ಬನ್ನಿ, ನಾಟಿ ಕೋಳಿ ಸಾರು ಮಾಡಿಸುತ್ತೇನೆ, ಬೀಗಿತ್ತಿಯವರನ್ನು ಶಶಿಕಲಾ ನೋಡಿಕೊಳ್ಳುತ್ತಾಳೆ ಎಂದು ಮಾತು ಕೊಟ್ಟೆ. ಅವರು ನನ್ನ ಕೈ ಹಿಡಿದುಕೊಂಡ ರೀತಿ ನೋಡಿದ್ದರೆ ಮದುವೆಯ ದಿನ ಧಾರೆ ಎರೆದಾಗಲೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ ಎಂದು ತಮಗೂ ಅನ್ನಿಸುತ್ತಿತ್ತು.

ಭಾನುವಾರ ಬಂದರು. ಹೂವು, ಹಣ್ಣು, ಸೊಸೆಗೆ ಸೀರೆ ಎಲ್ಲವನ್ನೂ ತಂದರು. ಮುದ್ದೆ ಹಬೆಯಾಡುತ್ತಿತ್ತು, ಸಾರಿನ ಘಮ ಬೀದಿಯ ಕೊನೆಯವರೆಗೂ ಹೋಗಿತ್ತು. ತಾವು ಆ ದಿನ ಬೆಳಿಗ್ಗೆ ಕೊಬ್ಬಿನಾಂಶದ ವಿಷಯ ಮಾತಾಡಿದಿರಿ. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಕಂಬವನ್ನು ಹೊಟ್ಟೆ ಒಳಗೆಳೆದುಕೊಳ್ಳದೆ ದಾಟಿದೆ. ಬೀಗರು ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು. ಬೋರಮ್ಮನವರಿಗೆ ಶಶಿಕಲಾ ಏನು ಹೇಳಿದ್ದಳೋ, ಅವರು ನೋಡಿಯೂ ನೋಡದ ಹಾಗೆ ಇದ್ದರು. ಮುದ್ದೆ ಮುಗಿಯಿತು, ತುಂಡುಗಳು ಮುಗಿದವು. ನಾನು ಅಂದಿನ ತಪ್ಪು ತೀರಿಸುವ ಹುರುಪಿನಲ್ಲಿ ಇನ್ನೊಂದು ಸೌಟು ಸಾರು ಎತ್ತಿಕೊಂಡು, ಇನ್ನೊಂದು ಮುದ್ದೆಯನ್ನೂ ಹಿಡಿದುಕೊಂಡು ಅವರ ಎಲೆಯ ಕಡೆ ಬಗ್ಗಿದೆ. ಬೀಗರು ಬೇಡ ಎನ್ನಲೂ ಇಲ್ಲ.

ಆಗ ಕೀರ್ತನಾ, ಅಲ್ಲಿಯವರೆಗೆ ನೀರು ಇಡುತ್ತಾ ಓಡಾಡುತ್ತಿದ್ದವಳು, ಬಂದು ಬಗ್ಗಿ ಮಾವನವರ ಎಲೆಯ ಮೇಲೆ ತನ್ನ ಕೈಯನ್ನು ಅಡ್ಡ ಹಿಡಿದಳು. "ಸಾಕು ಮಾವ. ಇವತ್ತಿಗೆ ಇಷ್ಟು ಸಾಕು" ಎಂದಳು. ಜೋರಾಗಿ ಹೇಳಲಿಲ್ಲ. ಹೊಸ ಸೊಸೆ, ಬೀಗರ ಮುಂದೆ, ತವರು ಮನೆಯ ಪಂಕ್ತಿಯಲ್ಲಿ, ಮಾವನ ಎಲೆಗೆ ಕೈ ಅಡ್ಡ ಹಿಡಿಯುವುದು ಡಬ್ಬಿ ಬಿಚ್ಚುವುದಕ್ಕಿಂತ ದೊಡ್ಡ ವಿಷಯ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ದೊಡ್ಡಹನುಮಯ್ಯನವರು ಅವಳ ಕೈಯನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ಎಲೆಯಿಂದ ಹಿಂದಕ್ಕೆ ತೆಗೆದುಕೊಂಡು, "ಸರಿ ಕಣವ್ವ, ನೀನೇಳುದ್ರೆ ಸರಿ. ಬೇಗ ಸೀರೆ ಗೀರೆ ಕಟ್ಕ, ಮನೆಗೋಗನ" ಎಂದರು. ನನ್ನ ಕೈಯಲ್ಲಿದ್ದ ಮುದ್ದೆ ಹಾಗೆಯೇ ಉಳಿಯಿತು.

ತಾವು ಸಂಕ್ರಾಂತಿಯಿಂದ ಹೇಳುತ್ತಿರುವುದನ್ನೇ ಅವಳೂ ಹೇಳಿದ್ದು. ಬೋರಮ್ಮನವರು ಮೂರು ವರ್ಷದಿಂದ ಹೇಳುತ್ತಿದ್ದುದೂ ಅದೇ. ಆದರೆ ಅವಳ ಮಾತಿಗೆ ಅವರು ಕೈ ಹಿಂದೆ ತೆಗೆದುಕೊಂಡರು. ನನ್ನ ಮಗಳು ಆ ಮನೆಯವಳಾದಳೋ ಇಲ್ಲವೋ ಎಂಬ ಚಿಂತೆ ನನಗೆ ಆಮೇಲೆ ಬರಲಿಲ್ಲ, ಇನ್ನು ಮುಂದೆ ಬರುವುದೂ ಇಲ್ಲ. ಸಂತೋಷವಾಯಿತು. ಅವಳು ಚೀಲ ಹಿಡಿದು ಕಾರು ಹತ್ತಿ ಉಲ್ಲಾಳದ ಕಡೆ ಹೋದ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವಳಿಗೆ ಮಾತು ಬಂದ ಕಾಲದಿಂದ, ನಾನು ಇನ್ನೊಂದು ಮುದ್ದೆಗೆ ಕೈ ಚಾಚಿದಾಗಲೆಲ್ಲ, ಇದೇ ರೀತಿ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು ಅಪ್ಪ" ಎನ್ನುತ್ತಿದ್ದವಳು ಅವಳು. ನಾನು ಇಳಿಸಿಕೊಂಡ ತೂಕದ ಕೀರ್ತಿಯನ್ನೆಲ್ಲ ತಮಗೆ ಕೊಟ್ಟಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಆ ಕೈಗೆ ಸೇರಬೇಕಾದದ್ದು ಎಂದು ಈಗ ತಿಳಿಯಿತು. ಆ ರಾತ್ರಿ ಊಟಕ್ಕೆ ಕೂತಾಗ ಉಳಿದಿದ್ದ ಎರಡನೆಯ ಮುದ್ದೆ ನನ್ನ ತಟ್ಟೆಗೆ ಬಂತು. ಯಾರೂ ಸಾಕು ಎನ್ನಲಿಲ್ಲ. ತಿಂದೆ. ರುಚಿಯಾಗಿರಲಿಲ್ಲ.

ಈ ಪತ್ರವನ್ನು ತಮ್ಮ ಬಾಯಿ ಮುಚ್ಚಿಸಬೇಕೆಂದು ಬರೆಯಲು ಕೂತಿದ್ದೆ. ತಮ್ಮನ್ನು ಪಾರ್ಕಿನಿಂದ ತೆಗೆದು ಸ್ಮಶಾನದ ಗೇಟಿಗೆ ವರ್ಗ ಮಾಡಬೇಕು, ಅಲ್ಲಿ ತಮ್ಮ ಸಲಹೆಗಳನ್ನು ಯಾರೂ ತಪ್ಪಾಗಿ ಪಾಲಿಸುವುದಿಲ್ಲ ಎಂದು ಮುರಳೀಕೃಷ್ಣ ಅವರಲ್ಲಿ ಕೇಳಿಕೊಳ್ಳಬೇಕೆಂದಿದ್ದೆ. ಆ ಬೇಡಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಅದರ ಬದಲು ತಮ್ಮಲ್ಲಿ ಒಂದೇ ಪ್ರಾರ್ಥನೆ. ನಮ್ಮ ಮನೆಯಲ್ಲಿ ಸಾಕು ಎನ್ನುತ್ತಿದ್ದ ಹುಡುಗಿ ಈಗ ಉಲ್ಲಾಳದಲ್ಲಿ ಇನ್ನೊಬ್ಬರ ಎಲೆ ಕಾಯುತ್ತಿದ್ದಾಳೆ. ಆದ್ದರಿಂದ ನಾಳೆಯಿಂದ ತಾವು ದಯವಿಟ್ಟು ಸ್ವಲ್ಪ ಜೋರಾಗಿ ಮಾತಾಡಬೇಕು. ಪಾರ್ಕಿನಿಂದ ನಮ್ಮ ಊಟದ ಮನೆಯವರೆಗೆ ಕೇಳಿಸುವಷ್ಟು.

ತಮ್ಮ ವಿಶ್ವಾಸಿಯೂ, ತಮ್ಮ ದೆಸೆಯಿಂದ ಬೆಲ್ಟಿಗೆ ತೂತು ಹಾಕಿಸಿಕೊಂಡು, ಮೊನ್ನೆಯಿಂದ ಮತ್ತೆ ಹಳೇ ತೂತಿಗೆ ಬಂದಿರುವವನೂ ಆದ,
ಕಾಂತರಾಜು,
ಪೇಂಟ್ ಅಂಗಡಿ, ಮಲ್ಲತ್ತಹಳ್ಳಿ.

ವಿ.ಸೂ.: ಡಬ್ಬಿಯ ಸಲಹೆ ಕೊಟ್ಟವರು ಯಾರೆಂದು ಬೀಗರು ಬಹಳ ಕೇಳಿಕೊಂಡದ್ದರಿಂದ ಭಾನುವಾರ ಊಟಕ್ಕೆ ಮೊದಲು ಅವರನ್ನು ಪಾರ್ಕಿಗೆ ಕರೆತಂದು ತಮ್ಮ ದರ್ಶನ ಮಾಡಿಸಿದ್ದೆ. ದೊಡ್ಡಹನುಮಯ್ಯನವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು, ಸುತ್ತಮುತ್ತಲ ಕಂಬಗಳಲ್ಲಿ ಅವರು ಹತ್ತದ ಕಂಬವಿಲ್ಲ. ತಮ್ಮನ್ನು ಕೆಳಗಿನಿಂದ ಬಹಳ ಹೊತ್ತು ನೋಡಿ, "ವೈರು ವಸಿ ಸಡಿಲ ಐತೆ ಬೀಗ್ರೆ, ಬಂದು ನೋಡ್ತೀನಿ" ಎಂದಿದ್ದಾರೆ. ಬಿಗಿ ಮಾಡುವುದಕ್ಕೋ, ಇನ್ನೇನಕ್ಕೋ, ಅದನ್ನು ಅವರು ಹೇಳಲಿಲ್ಲ. ಅವರು ಏಣಿ ಹತ್ತಿ ಬರುವ ದಿನ ತಾವು ಕಾಳಿನ ವಿಷಯ ಎತ್ತದಿರುವುದು ತಮ್ಮ ಆರೋಗ್ಯಕ್ಕೆ ಒಳ್ಳೆಯದು.